ಕಿರುಬೆರಳು ಇಳಿಯುವ ದಿನ

ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಹೋಗಿದ್ದೆ ಅಂದರೆ, ಮಗಳು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕರೆದೊಯ್ದಿದ್ದಳು. ಟೀವಿಯ ಸದ್ದು ಬೀದಿಗೆಲ್ಲ ಕೇಳುತ್ತದೆ, ನನಗೊಬ್ಬನಿಗೆ ಕೇಳುವುದಿಲ್ಲ ಎಂಬುದು ಅವಳ ದೂರು. ಅಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನನ್ನು ಗೂಡಿನಂಥ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕಿದಳು.

“ಅಜ್ಜಾರ, ಸಣ್ಣಗೆ ಕುಂಯ್ ಅಂತ ಶಬ್ದ ಬರ್ತೈತ್ರಿ. ಕೇಳಿದ ಕೂಡ್ಲೇ ಬೆರಳು ಎತ್ರಿ. ಯೋಚನೆ ಮಾಡ್ಬ್ಯಾಡ್ರಿ” ಎಂದು ಹೇಳಿ ಗಾಜಿನ ಆಚೆ ಹೋಗಿ ಕೂತಳು.

ಶಬ್ದ ಬಂತು. ಬೆರಳು ಎತ್ತಿದೆ. ಇನ್ನೊಂದು ಬಂತು, ಎತ್ತಿದೆ. ಮೂರನೆಯದಕ್ಕೆ ಆಕೆ ಎದ್ದು ಬಂದು ಬಾಗಿಲು ತೆಗೆದು, “ಬಾತ್‌ರೂಮಿಗೆ ಹೋಗ್ಬೇಕಾಗಿತ್ತೇನ್ರಿ ಅಜ್ಜಾರ?” ಎಂದು ಕೇಳಿದಳು. ಆಗ ನನ್ನ ಕೈಯನ್ನು ನಾನೇ ನೋಡಿಕೊಂಡೆ. ಬೆರಳು ಎತ್ತು ಎಂದರೆ ಲೋಕವೆಲ್ಲ ತೋರುಬೆರಳು ಎತ್ತುತ್ತದೆ. ನಾನು ಶಾಲೆಯ ಮಕ್ಕಳು ಒಂದಕ್ಕೆ ಕೇಳುವಂತೆ ಕಿರುಬೆರಳು ಎತ್ತಿಕೊಂಡು ಕೂತಿದ್ದೆ.

“ಅದೂ ಅಲ್ದೆ ತಡ ಮಾಡ್ತೀರಿ. ಶಬ್ದ ಬಂದು ಹೋದ ಮ್ಯಾಲೆ ಎತ್ತೀರಿ. ಐದು ನಿಮಿಷ ಸುಧಾರಿಸ್ಕೊಳ್ರಿ, ಇನ್ನೊಂದ್ಸಲ ನೋಡಾಣ” ಎಂದು ಹೋದಳು.

ತಡ ಮಾಡುತ್ತೀರಿ. ಈ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳದೆ ನಲವತ್ತು ವರ್ಷದ ಮೇಲಾಗಿತ್ತು. ಆ ಐದು ನಿಮಿಷದಲ್ಲಿ ನಾನು ಸುಧಾರಿಸಿಕೊಳ್ಳಲಿಲ್ಲ. ಏನು ಮಾಡಿದೆ ಎಂದು ಹೇಳುತ್ತೇನೆ, ಕೇಳಿ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಇದನ್ನು ಹೇಳುವಾಗ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ, ಮಗಳು ನಗುತ್ತಾಳೆ, ನಗಲಿ. ಅಪ್ಪ ದಾವಣಗೆರೆಯ ಹತ್ತಿ ಮಾರ್ಕೆಟ್ಟಿನಲ್ಲಿ ಅಂಡಿಗೆ ಹೊರುತ್ತಿದ್ದ ಹಮಾಲಿ. ಅಂಗಡಿ ಸಾಹುಕಾರರ ತೊಟ್ಟಿಲ ಕೂಸಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದ. “ನಾವು ರೀ ಅಂದು ಬದುಕಿದೋರು ತಮ್ಮಾ. ಓದಿದ ಮ್ಯಾಲೆ ಅದನ್ನ ಬಿಟ್ಟುಗಿಟ್ಟೀಯ” ಎಂದು ನನಗೂ ಅದನ್ನೇ ಕಲಿಸಿದ್ದ. ಆ ಮಾತು ಯಾಕೆ ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಕಾಲೇಜಿನ ಎರಡನೆಯ ವರ್ಷ. ಅರವತ್ತನೆಯ ಇಸವಿ ಇನ್ನೂ ಬಂದಿರಲಿಲ್ಲ. ಬೇಸಿಗೆಯ ರಜೆಯಲ್ಲಿ ಊರಿನ ಒಂದು ಬಟ್ಟೆ ಮಿಲ್ಲಿಗೆ ಬದಲಿಯಾಗಿ ಸೇರಿದೆ. ಬದಲಿ ಅಂದರೆ, ಬೆಳಗಿನ ಪಾಳಿಗೆ ಯಾರು ಬರಲಿಲ್ಲವೋ ಅವರ ಜಾಗದಲ್ಲಿ ನಿಲ್ಲುವವನು. ಅಲ್ಲಿ ನಿಂತರೆ ಮುಂದಿನ ವರ್ಷ ಓದು, ನಿಲ್ಲದಿದ್ದರೆ ಅಪ್ಪನ ಪಕ್ಕದಲ್ಲಿ ಅಂಡಿಗೆ. ಬೇರೆ ದಾರಿ ನನಗಿರಲಿಲ್ಲ.

ನೀವು ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಿದ್ದೀರೋ ಇಲ್ಲವೋ ತಿಳಿಯದು. ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಸದ್ದು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಹಲ್ಲಿಗೆ, ಆಮೇಲೆ ಎದೆಗೂಡಿಗೆ. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅವನಿಗೆ ಬಿಸಿ ಉಸಿರಷ್ಟೇ ತಾಗುತ್ತದೆ. ಆದರೆ ಆ ಶೆಡ್ಡು ಮೂಕವಾಗಿರಲಿಲ್ಲ. ಎಂಟು ತಾಸು ಪೂರ್ತಿ ಅಲ್ಲಿ ಮಾತು ನಡೆದೇ ಇರುತ್ತಿತ್ತು, ಕೈಯಲ್ಲಿ.

ಆ ಕೈಮಾತನ್ನು ಕಟ್ಟಿದವನು ಜಾಬರ್ ಚೌಡಪ್ಪ. ಜಾಬರ್ ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು, ನೇಕಾರರ ಮೇಲ್ವಿಚಾರಕ. ಐವತ್ತರ ಆಸುಪಾಸಿನ ಕರೀ ಮನುಷ್ಯ, ದಿನಾ ಹರಿಹರದಿಂದ ರೈಲಿಗೆ ಬರುತ್ತಿದ್ದ. ಮಿಲ್ಲು ಶುರುವಾದಾಗ ತರತರದ ಊರಿನವರು ತರತರದ ಸನ್ನೆ ಮಾಡಿ ಗೊಂದಲವಾಗುತ್ತಿತ್ತಂತೆ. ಚೌಡಪ್ಪ ಇನ್ನಿಬ್ಬರನ್ನು ಸೇರಿಸಿಕೊಂಡು, ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕೂತು, ಒಂದು ಮಳೆಗಾಲ ಪೂರ್ತಿ ಅದನ್ನು ಗೊತ್ತುಮಾಡಿದ. ಅದಕ್ಕೆ ಕಾಯಿದೆಗಳಿದ್ದವು. ಒಂದೇ ಕೈಯಲ್ಲಿ ಆಡಬೇಕು, ಇನ್ನೊಂದು ಕೈ ಮಗ್ಗದ ಮೇಲಿರುತ್ತದೆ. ಸೊಂಟದ ಮೇಲೆಯೇ ಆಡಬೇಕು, ಕೆಳಗೆ ಆಡಿದ್ದು ಕಾಣುವುದಿಲ್ಲ. ನಾಲ್ಕು ಮಗ್ಗದಾಚೆಯಿಂದ ಓದಲು ಬರಬೇಕು. ಮುಷ್ಟಿ ಮೇಲಕ್ಕೆ ಚಿಮ್ಮಿ ಬಿಚ್ಚಿದರೆ ‘ಕೈ ತೆಗಿ’. ನಾಲ್ಕು ಬೆರಳು ಕೆಳಗೆ ಒತ್ತಿದರೆ ‘ನಿಲ್ಲಿಸು’. ನೂಲು ಕಡಿಯಿತು, ಲಾಳಿ ಹಾರಿತು, ಶೆಡ್ಡಿನ ಸಾಹೇಬ ಮಾಸ್ತರ ಬಂದ, ಹೊಟ್ಟೆನೋವು, ಮಗಳ ಮದುವೆ, ಎಲ್ಲಕ್ಕೂ ಇತ್ತು.

ಹೆಸರಿಗೂ ಇತ್ತು. ಪ್ರತಿಯೊಬ್ಬನಿಗೂ ಒಂದು ಕೈಹೆಸರು. ಮಾಬುಸಾಬಿ ಎಂಬ ಹಿರೀ ನೇಕಾರನಿಗೆ ಗಡ್ಡ ಸವರುವುದು. ಚೌಡಪ್ಪನಿಗೆ ಹೆಬ್ಬೆರಳಿಂದ ತಿರುಪು ತಿರುಗಿಸುವುದು. ಹೊಸಬರಿಗೆ ಮಾತ್ರ ಹೆಸರಿಲ್ಲ. ಎಷ್ಟು ಜನ ಇದ್ದರೂ ಎಲ್ಲರಿಗೂ ಒಂದೇ: ಎತ್ತಿದ ಕಿರುಬೆರಳು. ಕಲಿಯುವವನು ಕಲಿತವನಾದ ಅನ್ನಿಸಿದ ದಿನ ಚೌಡಪ್ಪ ಅವನ ಮುಂದೆ ನಿಂತು ಒಂದು ಹೆಸರು ಮಾಡಿ ತೋರಿಸುತ್ತಿದ್ದ. ಶೆಡ್ಡಿನವರೆಲ್ಲ ಆ ಹೊತ್ತಿನಿಂದ ಅವನನ್ನು ಹಾಗೇ ಕರೆಯುತ್ತಿದ್ದರು. ಅದಕ್ಕೆ ‘ಕಿರುಬೆರಳು ಇಳೀತು’ ಅನ್ನುತ್ತಿದ್ದರು. ಪರೀಕ್ಷೆ ಇಲ್ಲ, ಅಂಕವಿಲ್ಲ, ಇಂಥ ದಿನ ಎಂದಿಲ್ಲ. ಒಬ್ಬನಿಗೆ ಒಂದು ತಿಂಗಳು, ಇನ್ನೊಬ್ಬನಿಗೆ ಎರಡು ವರ್ಷ.

ಪರೀಕ್ಷೆಯೇ ಬದುಕಾಗಿದ್ದ ನನಗೆ ಇದು ಸಹಿಸದಾಯಿತು. ನಾನೊಂದು ನೋಟ್‌ಬುಕ್ಕು ಮಾಡಿದೆ. ಎಡಕ್ಕೆ ಕೈಯ ಚಿತ್ರ, ಬಲಕ್ಕೆ ಕನ್ನಡದ ಅರ್ಥ. ಮೂರು ವಾರದಲ್ಲಿ ನೂರರ ಮೇಲೆ ಬರೆದು ಬಾಯಿಪಾಠ ಮಾಡಿದೆ. ಒಂದು ದಿನ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಚೌಡಪ್ಪಣ್ಣ, ನನಗೆ ಎಲ್ಲಾ ಬರ್ತೈತಲ್ರಿ. ಇನ್ನೂ ಯಾಕ ಕಿರುಬೆರಳು?”

ಮಾಬುಸಾಬಿ ಬಸಿಯ ಚಹಾ ಊದುತ್ತಾ, “ಬಿ.ಎ. ಸಾಹೇಬ್ರಿಗೆ ಸರ್ಟಿಫಿಕೇಟು ಬೇಕಂತೆ, ಬರಕೊಡೋ ಚೌಡಾ” ಎಂದ.

ಚೌಡಪ್ಪ ನಗಲಿಲ್ಲ. “ಬರ್ತೈತೆ ತಮ್ಮಾ. ಪಾಠ ಒಪ್ಪಿಸಿದಂಗೆ ಬರ್ತೈತೆ. ನೀನು ಮೊದ್ಲು ಬಾಯಾಗ ಆಡ್ಕೊಂಡು ಆಮ್ಯಾಲೆ ಕೈಗೆ ಕಳಿಸ್ತೀಯ. ತುಟಿ ಅಲ್ಲಾಡ್ತಾವು ನಿಂದು, ನಾನು ನೋಡೀನಿ.”

“ಅಂದ್ರ ತಪ್ಪು ಹೇಳ್ತೀನೇನ್ರಿ?”

“ತಪ್ಪಲ್ಲ. ತಡ ಮಾಡ್ತೀಯ. ಇನ್ನೊಂದು, ಆ ಎದೆ ಮುಟ್ಕೊಳ್ಳೋದು ಬಿಟ್ಟುಬಿಡು. ನಾನು ಕಟ್ಟಿದ್ರಾಗ ಅದು ಇಲ್ಲ.”

ಅದು ನನ್ನದೇ ಸೇರಿಕೆ. ಚೌಡಪ್ಪ ಕಟ್ಟಿದ ಭಾಷೆಯಲ್ಲಿ ಅಣ್ಣ ಇಲ್ಲ, ಅಪ್ಪ ಇಲ್ಲ, ರೀ ಇಲ್ಲ. ಇಪ್ಪತ್ತರ ಹುಡುಗನೂ ಅರವತ್ತರ ಮುದುಕನಿಗೆ ಅದೇ ಬೆರಳು ತೋರಿಸಬೇಕು. ನನಗೆ ಅದು ಆಗುತ್ತಿರಲಿಲ್ಲ. ಅಪ್ಪನ ವಯಸ್ಸಿನವರಿಗೆ ಬರೀ ಕೈ ಬೀಸಿ ಹೇಳುವುದು ಎಂದರೆ ಏಕವಚನದಲ್ಲಿ ಕರೆದಂತೆ ಅನ್ನಿಸುತ್ತಿತ್ತು. ಅದಕ್ಕೆ ಹಿರಿಯರಿಗೆ ಏನೇ ಹೇಳುವ ಮುಂಚೆ ಅಂಗೈಯನ್ನು ಒಮ್ಮೆ ಎದೆಗೆ ಮುಟ್ಟಿಸಿಕೊಂಡು, ಆಮೇಲೆ ಹೇಳುತ್ತಿದ್ದೆ.

“ಹಿರೇರಿಗೆ ಹಂಗೇ ಹೇಳಾಕ ಮನಸ್ಸು ಬರಲ್ರಿ ಅಣ್ಣ” ಎಂದೆ.

“ಮಿಲ್ಲಿನೊಳಗ ಹಿರೇರು ಯಾರೂ ಇಲ್ಲಲೇ. ಗಾಲಿ ವಯಸ್ಸು ಕೇಳಾಂಗಿಲ್ಲ” ಎಂದು ಅವನು ಎದ್ದ.

ನಾನು ಬಿಡಲಿಲ್ಲ. ಮರ್ಯಾದೆಗಷ್ಟೇ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಸುಳ್ಳು ಹೇಳಿ ಆಗಬೇಕಾದ್ದೇನಿದೆ? ನಾಲ್ಕಾರು ಜನ ಹಿರಿಯರು, ಕಾಲೇಜು ಹುಡುಗ ಮರ್ಯಾದಸ್ಥ ಎಂದು ನನ್ನನ್ನು ಮೆಚ್ಚಿದ್ದರು. ಉಳಿದ ಬದಲಿಗಳ ಸಾಲಿನಿಂದ ಆ ಅಂಗೈ ನನ್ನನ್ನು ಒಂದು ಗೇಣು ಮೇಲೆ ಎತ್ತಿ ನಿಲ್ಲಿಸಿತ್ತು. ಆ ಗೇಣು ನನಗೆ ಬೇಕಾಗಿತ್ತು.

ಒಂದು ಭಾಷೆ ನಮಗೆ ಬಂತು ಅನ್ನುವುದನ್ನು ಗೊತ್ತು ಮಾಡುವುದು ಹೇಗೆ? ಈ ಪ್ರಶ್ನೆಯನ್ನು ನಾನು ಶೆಡ್ಡಿನ ತುಂಬ ಕೇಳಿಕೊಂಡು ತಿರುಗಿದೆ. ಮಾಬುಸಾಬಿಯ ಪ್ರಕಾರ, ಆ ಭಾಷೆಯಲ್ಲಿ ಹೇಳಿದ ಚೇಷ್ಟೆಗೆ ವಿವರಣೆ ಕೇಳದೆ ನಕ್ಕರೆ ಬಂದಂತೆ. ಅವನು ನಮ್ಮ ಮಾಸ್ತರರ ನಡಿಗೆಯನ್ನು ಎರಡೇ ಬೆರಳಲ್ಲಿ ನಡೆಸಿ ತೋರಿಸುತ್ತಿದ್ದ. ನಾನು ನಗುವ ಹೊತ್ತಿಗೆ ಉಳಿದವರು ನಕ್ಕು ಮುಗಿಸಿರುತ್ತಿದ್ದರು. ಇನ್ನೊಬ್ಬ, ಜಗಳವಾಡಲು ಬಂದರೆ ಬಂದಂತೆ ಎಂದ. ಇಂಗ್ಲಿಷು ನನಗೆ ಬಂದಿದೆ ಎಂದು ನನಗೆ ತಿಳಿದದ್ದು ಅಂಕಪಟ್ಟಿಯಿಂದ, ಅದಕ್ಕೇ ಇಂದಿಗೂ ಬ್ಯಾಂಕಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಮೈ ಬೆವರುತ್ತದೆ.

ಆ ದಿನ ಒಂದು ಮಗ್ಗ ಕೆಟ್ಟಿತ್ತು. ಆಗಿನ ಮಗ್ಗದ ವ್ಯವಸ್ಥೆ ಹೀಗೆ: ಸೂರಿನಡಿ ಒಂದು ಉದ್ದನೆಯ ಕಬ್ಬಿಣದ ದಂಡ ಸದಾ ತಿರುಗುತ್ತಿರುತ್ತದೆ, ಅದರಿಂದ ಪ್ರತಿ ಮಗ್ಗಕ್ಕೂ ಒಂದು ಚರ್ಮದ ಪಟ್ಟಾ ಇಳಿದಿರುತ್ತದೆ. ಮಗ್ಗದ ಒಂದು ಬದಿಗೆ ಜೋಡಿ ಗಾಲಿ. ಪಟ್ಟಾ ಒಂದು ಗಾಲಿಯ ಮೇಲಿದ್ದರೆ ಮಗ್ಗ ಓಡುತ್ತದೆ, ಹಿಡಿಕೆ ಹೊಡೆದು ಪಕ್ಕದ ಗಾಲಿಗೆ ಸರಿಸಿದರೆ ಆ ಗಾಲಿ ಬರಿದೇ ತಿರುಗುತ್ತದೆ, ಮಗ್ಗ ನಿಲ್ಲುತ್ತದೆ. ಹಳೆಯ ಪಟ್ಟಾ ಕೆಲವೊಮ್ಮೆ ಯಾರೂ ಮುಟ್ಟದೆ ತಾನಾಗಿಯೇ ಓಡುವ ಗಾಲಿಯ ಕಡೆಗೆ ಸರಿಯುತ್ತದೆ. ಅದಕ್ಕೇ ರಿಪೇರಿಯ ಹೊತ್ತು ಒಬ್ಬ ಕಾವಲು ನಿಲ್ಲಬೇಕು.

ಚೌಡಪ್ಪ ಮಗ್ಗದ ಆ ತುದಿಯಲ್ಲಿ ಮಂಡಿಯೂರಿ, ಹಲ್ಲುಗಾಲಿಗಳ ನಡುವೆ ಬಲಗೈ ಇಳಿಸಿದ್ದ. ಅವನಿಗೆ ಪಟ್ಟಾ ಕಾಣದು. ಪಟ್ಟಾ ಮತ್ತು ಅವನು ಎರಡೂ ಕಾಣುವ ಓಣಿಯಲ್ಲಿ ನನ್ನನ್ನು ನಿಲ್ಲಿಸಿದ್ದ. ನನ್ನ ಮತ್ತು ಮಗ್ಗದ ಹಿಡಿಕೆಯ ನಡುವೆ ಇನ್ನೊಂದು ಮಗ್ಗ ಅಡ್ಡವಿತ್ತು. ಪಾಳಿಗೆ ಮುಂಚೆ ಹೊರಗೆ ಹೇಳಿದ್ದ: “ನನ್ನ ಕೈ ಗಾಲಿಯಾಗಿರ್ತೈತೆ, ನನ್ನ ಕಣ್ಣು ನಿನ್ನ ಕೈ ಮ್ಯಾಲಿರ್ತೈತೆ. ತಿಳೀತಾ?”

ತಿಳಿದಿತ್ತು. ಪಟ್ಟಾ ಸರಿಯಿತು. ನಾನು ನೋಡಿದೆ. ಏನು ಹೇಳಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮುಷ್ಟಿ ಮೇಲಕ್ಕೆ ಚಿಮ್ಮಿ ಬಿಚ್ಚಬೇಕು. ಅವನ ಕಣ್ಣು ನನ್ನ ಕೈಯ ಮೇಲೆಯೇ ಇತ್ತು. ನನ್ನ ಕೈ ಮೇಲೆದ್ದಿತು, ಎದೆಗೆ ಹೋಯಿತು, ಅಂಗೈ ಎದೆಯನ್ನು ಮುಟ್ಟಿತು.

ಅಲ್ಲಿಂದ ಚಿಮ್ಮುವ ಹೊತ್ತಿಗೆ ಮಗ್ಗ ಒಂದು ಸುತ್ತು ತಿರುಗಿತ್ತು.

ಅವನು ಕೂಗಿರಬೇಕು. ಬಾಯಿ ತೆರೆದದ್ದು ಕಂಡಿತು, ಸದ್ದು ಕೇಳಲಿಲ್ಲ. ಇನ್ನೂರು ಮಗ್ಗ ತಮ್ಮ ಪಾಡಿಗೆ ಬಡಿದುಕೊಳ್ಳುತ್ತಿದ್ದವು. ಮಾಬುಸಾಬಿ ಎಲ್ಲಿಂದಲೋ ಹಾರಿ ಬಂದು ಹಿಡಿಕೆ ಹೊಡೆದ. ನಾನು ಮುಷ್ಟಿ ಬಿಚ್ಚಿಕೊಂಡು ಕೈ ಮೇಲೆತ್ತಿ ಹಾಗೇ ನಿಂತಿದ್ದೆ. ಸನ್ನೆ ಸರಿಯಾಗಿಯೇ ಇತ್ತು.

ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಮೂರು ವಾರದ ಮೇಲೆ ಮಾಸ್ತರರ ಕೋಣೆಯಲ್ಲಿ ವಿಚಾರಣೆ. ಮೇಜಿನ ಆಚೆ ಇಬ್ಬರು, ಈಚೆ ನಾನು. ಚೌಡಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಹಿಂದಿನ ದಿನವೆಲ್ಲ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ತಪ್ಪು ನನ್ನದು, ನಾನು ತಡ ಮಾಡಿದೆ ಎಂದು ಹೇಳಿಬಿಡುವುದು. ಹೇಳಿದರೆ ಮಿಲ್ಲಿನಿಂದ ಹೊರಗೆ, ಮಿಲ್ಲು ಹೋದರೆ ಕಾಲೇಜೂ ಹೊರಗೆ. ಅದನ್ನೂ ಲೆಕ್ಕಕ್ಕೆ ಹಿಡಿದೇ ಗಟ್ಟಿ ಮಾಡಿಕೊಂಡಿದ್ದೆ, ನಿಜವಾಗಿಯೂ.

“ನೀನೇ ಏನಪ್ಪ ಕಾವಲಿದ್ದವನು? ಏನಾಯ್ತು ಹೇಳು” ಎಂದರು ಮಾಸ್ತರರು.

“ಪಟ್ಟಾ ಸರೀತು ಸಾರ್. ನಾನು ನೋಡ್ದೆ. ನೋಡಿ...”

ಗೋಡೆಯ ಕಡೆ ಏನೋ ಅಲುಗಾಡಿತು. ಚೌಡಪ್ಪನ ಎಡಗೈ. ನಾಲ್ಕು ಬೆರಳು, ಕೆಳಕ್ಕೆ ಒತ್ತಿದ್ದು. ಮೇಜಿನವರಿಗೆ ಅದು ಕೈ ಜಾಡಿಸಿಕೊಂಡಂತೆ ಕಂಡಿರಬೇಕು.

ನಾನು ನಿಂತೆ. ನನ್ನ ಬಾಯಿ ನಿಂತುಹೋಯಿತು. ‘ನಿಲ್ಲಿಸು’ ಎಂಬ ಕನ್ನಡದ ಶಬ್ದ ತಲೆಗೆ ಬಂದದ್ದು ಆಮೇಲೆ, ಬಹಳ ಆಮೇಲೆ. ತುಟಿ ಅಲ್ಲಾಡಲಿಲ್ಲ, ಅಂಗೈ ಎದೆಗೆ ಹೋಗಲಿಲ್ಲ.

“ನೋಡಿ ಏನು ಮಾಡಿದೆ?”

“ಸನ್ನೆ ಮಾಡ್ದೆ ಸಾರ್.”

“ಖರೇ ಸಾಹೇಬ್ರೇ, ಸನ್ನೆ ಮಾಡ್ದ” ಎಂದ ಚೌಡಪ್ಪ. “ನಾನೇ ಕೈ ತೆಗೀಲಿಲ್ಲ. ಪಟ್ಟಾ ಹಳೇದು, ಎಷ್ಟು ಸಲ ಹೇಳಿದ್ವಿ.”

ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಅವನು ನನ್ನ ಮುಖ ನೋಡದೆ ಗೇಟಿನ ಕಡೆ ನಡೆದ.

ಆ ದಿನ ನಾನು ಕಲಿತವನಾದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಶಬ್ದ ನಡುವೆ ಬರಲಿಲ್ಲ, ಅರ್ಥ ನೇರ ಮೈಗೆ ಇಳಿಯಿತು. ಭಾಷೆ ಬಂದದ್ದಕ್ಕೆ ಇನ್ನೇನು ಗುರುತು ಬೇಕು? ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಬಂದು ನಿಲ್ಲುತ್ತದೆ. ಅಂದು ನನಗೆ ಅಷ್ಟು ಬೇಗ ಅರ್ಥವಾದದ್ದು ಅವನ ಭಾಷೆಯೋ ನನ್ನ ಲಾಭವೋ? ಅವನ ಕೈ ಉಳಿಸುವಾಗ ತಡ ಮಾಡಿದವನು ನನ್ನ ಓದು ಉಳಿಸಿಕೊಳ್ಳುವಾಗ ತಡ ಮಾಡಲಿಲ್ಲ. ಇದನ್ನು ಗೊತ್ತು ಮಾಡುವ ಪರೀಕ್ಷೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

ಚೌಡಪ್ಪನನ್ನು ಮತ್ತೆ ಜಾಬರ್ ಮಾಡಲಿಲ್ಲ. ನೂಲಿನ ಗೋದಾಮಿನ ಬಾಗಿಲಿಗೆ ಕೂರಿಸಿದರು. ಅವನು ಆಗಾಗ ಶೆಡ್ಡಿಗೆ ಬಂದು ಹಳಬರ ಜೊತೆ ಮಾತಾಡಲು ನೋಡುತ್ತಿದ್ದ. ಭಾಷೆಯನ್ನು ಬಲಗೈಗೆ ಕಟ್ಟಿದ್ದ, ಐದು ಬೆರಳಿಗೆ ಕಟ್ಟಿದ್ದ. ಎಡಗೈಯಲ್ಲಿ ಎಲ್ಲ ತಿರುಗುಮುರುಗಾಗಿ ತೊದಲುತ್ತಿದ್ದ. ಹೊಸ ಬದಲಿಗಳಿಗೆ ಅವನು ಯಾರು ಎಂದೇ ತಿಳಿಯದು. ಅವನ ಭಾಷೆಯಲ್ಲೇ ಅವನನ್ನು ಆಡಿಕೊಂಡು ನಗುತ್ತಿದ್ದರು. ಒಂದು ದಿನ ಹರಿಹರದ ರೈಲಿಗೆ ಹತ್ತಿದವನು ಮರುದಿನ ಬರಲಿಲ್ಲ.

ನಾನು ಬಿ.ಎ. ಪಾಸಾದೆ. ನಮ್ಮ ಓಣಿಗೆ ಮೊದಲನೆಯವನು. ಅಪ್ಪ ಅವತ್ತು ಹತ್ತಿ ಮಾರ್ಕೆಟ್ಟಿನ ತುಂಬ ಸಕ್ಕರೆ ಹಂಚಿದ. ನಾನು ಪೇಡೆ ಕಟ್ಟಿಸಿಕೊಂಡು ಹರಿಹರಕ್ಕೆ ಹೋದೆ. ಸ್ಟೇಷನ್ನಿನಿಂದ ಹೊಳೆಯ ಕಡೆ ಇಳಿಯುವ ಒಂದು ಸಂದಿಯಲ್ಲಿ ಅವನ ಮನೆ. ಹೆಂಡತಿ ಗಂಗಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಬರ್ರಿ, ಕೂಡ್ರಿ. ಜೋರಾಗಿ ಮಾತಾಡ್ರಿ, ಕಿವಿ ಭಾಳ ಮಂದಾಗೈತೆ ಅವರಿಗೆ” ಎಂದಳು.

ಚೌಡಪ್ಪ ಪೇಡೆಯ ಪೊಟ್ಟಣ ನೋಡಿದ, ನನ್ನ ಇಸ್ತ್ರಿಯ ಅಂಗಿ ನೋಡಿದ. “ಪಾಸಾದ್ಯಾ?”

ನಾನು ಜೋರಾಗಿ ಮಾತಾಡಲಿಲ್ಲ. ಕೈಯಲ್ಲಿ ಹೌದು ಎಂದೆ. ಅವನ ಕಣ್ಣು ಸಣ್ಣಗಾಯಿತು. ಬಲಗೈ ಎತ್ತಿದ. ಉಳಿದಿದ್ದ ಎರಡರಲ್ಲಿ ಹೆಬ್ಬೆರಳು ಮಡಚಿ, ಕಿರುಬೆರಳನ್ನು ತನ್ನ ಕಡೆಗೇ ತಿರುಗಿಸಿಕೊಂಡು ನಕ್ಕ. “ಈಗ ನಾನಾಗೀನಿ ನೋಡು, ಕಿರುಬೆರಳು.”

ನನಗೆ ನಗಲಾಗಲಿಲ್ಲ. ತಪ್ಪಾಯಿತು ಎಂದು ಹೇಳಲು ಬಂದಿದ್ದೆ, ಆದರೆ ಅವನು ಕಟ್ಟಿದ ಭಾಷೆಯಲ್ಲಿ ಅದಕ್ಕೆ ಸನ್ನೆಯೇ ಇರಲಿಲ್ಲ. ಶೆಡ್ಡಿನಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲವೋ ಏನೋ. ಪೇಡೆಯ ಪೊಟ್ಟಣವನ್ನು ಅವನ ಮುಂದಿಟ್ಟೆ. ಅವನು ನನ್ನ ಎದುರಿಗೆ ನೆಟ್ಟಗೆ ಕೂತು, ಆ ಮುರುಕು ಅಂಗೈಯನ್ನು ಮೆಲ್ಲಗೆ ಎತ್ತಿ ತನ್ನ ಎದೆಗೆ ಮುಟ್ಟಿಸಿದ. ಆಮೇಲೆ ಅದೇ ಕೈಯಲ್ಲಿ ನನ್ನನ್ನು ತೋರಿಸಿದ.

“ಏನಂದ್ರಿ ಅವರಿಗೆ?” ಎಂದು ಗಂಗಮ್ಮ ಕೂಗಿದಳು.

“ಹೆಸರಿಟ್ಟೆ” ಎಂದ ಚೌಡಪ್ಪ. “ಬಾಕಿ ಇತ್ತು.”

ಕ್ಷಮಿಸಿದನೋ, ಸಾಯುವ ತನಕ ಹೊರು ಎಂದು ಹೊರಿಸಿದನೋ, ನಾನು ಕೇಳಲಿಲ್ಲ. ಆ ಹೆಸರಿನಿಂದ ನನ್ನನ್ನು ಕರೆಯುವವರು ಇಂದು ಯಾರೂ ಬದುಕಿಲ್ಲ. ಆ ಭಾಷೆ ಬಲ್ಲವರೂ ಇಲ್ಲ, ಆ ಶೆಡ್ಡೂ ಇಲ್ಲ. ನೋಟ್‌ಬುಕ್ಕು ಬೀರುವಿನ ಕೆಳಗಿನ ಅರೆಯಲ್ಲಿದೆ, ಎದೆಯ ಮೇಲಿನ ಅಂಗೈ ಅದರಲ್ಲಿಲ್ಲ.

“ರೆಡಿ ಇದ್ದೀರೇನ್ರಿ ಅಜ್ಜಾರ?” ಬಿಳಿ ಕೋಟಿನ ಹುಡುಗಿ ಬಂದು ಹೆಡ್‌ಫೋನು ಸರಿಮಾಡಿದಳು. ಗಾಜಿನ ಆಚೆ ಹೋಗಿ ಕೂತು, ನನ್ನ ಕೈಯ ಮೇಲೆ ಕಣ್ಣಿಟ್ಟಳು.

ನಾನು ಕಣ್ಣು ಮುಚ್ಚಿದೆ. ಕಾಯಲಿಲ್ಲ, ಏನನ್ನೂ ಮನಸ್ಸಿನಲ್ಲಿ ಕಟ್ಟಿಕೊಳ್ಳಲಿಲ್ಲ. ಎಷ್ಟು ಹೊತ್ತಾಯಿತೋ. ತೊಡೆಯ ಮೇಲಿದ್ದ ಕೈ ತಟ್ಟನೆ ಮೇಲೆ ಚಿಮ್ಮಿತು, ಮುಷ್ಟಿ ಬಿಚ್ಚಿ ಐದೂ ಬೆರಳು ತೆರೆದುಕೊಂಡವು. ಶಬ್ದ ಬಂದಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಕಣ್ಣು ತೆರೆದೆ. ಹುಡುಗಿ ಗಾಜಿನ ಆಚೆ ತಲೆಯಾಡಿಸಿ, ಸರಿ ಎಂದು ಗುರುತು ಹಾಕಿಕೊಂಡಳು. ಒಂದಿಷ್ಟೂ ತಡವಾಗಿರಲಿಲ್ಲ. ಅಲ್ಲಿ ಯಾರ ಕೈಯೂ ಗಾಲಿಯಲ್ಲಿರಲಿಲ್ಲ.